ಬಡಗಣ ಗೋಡೆ

ಮಗ್ಗದ ಚೌಕಟ್ಟನ್ನು ಪಿಕಪ್ಪಿನಿಂದ ಇಳಿಸಿ ಬಾಗಿಲವರೆಗೂ ತಂದ ನಾನಿಬಾ ಹೊಸಿಲ ಈಚೆಗೇ ನಿಂತುಬಿಟ್ಟಳು. ಒಳಗಿನಿಂದ ಮಗಳು ವರ್ಲೀನ್ ಕರೆಯುತ್ತಿದ್ದಳು. ಬೀದಿ ಕಡೆಯ ದೊಡ್ಡ ಗಾಜಿನ ಹಿಂದೆ ಜಾಗ ಮಾಡಿಟ್ಟಿದ್ದಾಳಂತೆ, ಬೆಳಕು ಚೆನ್ನಾಗಿದೆಯಂತೆ, ಅಮ್ಮ ಅಲ್ಲಿ ಕೂತು ಕಂಬಳಿ ನೇಯುತ್ತಿದ್ದರೆ ಬಂದವರ ಕಣ್ಣಿಗೆ ಮೊದಲು ಬೀಳುವುದೇ ಅವಳಂತೆ. ಇನ್ನು ಸ್ವಲ್ಪ ಹೊತ್ತಿಗೆ ಮೇಯರ್ ಬಂದು ರಿಬ್ಬನ್ ಕತ್ತರಿಸುವವರಿದ್ದರು. ನಾನಿಬಾ ಮಾತ್ರ ಕಟ್ಟಡದ ಪಕ್ಕದ ಓಣಿಯನ್ನೇ ನೋಡುತ್ತಿದ್ದಳು. ಮುಂಭಾಗಕ್ಕೆ ಎಷ್ಟು ಬಣ್ಣ ಬಳಿದರೇನು, ಓಣಿ ಅದೇ ಓಣಿ.

"ಇದು ಆ ಬಾರ್ ಅಲ್ವೇನೆ?" ಎಂದಳು.

ವರ್ಲೀನ್ ಹೊರಗೆ ಬಂದಳು. ಇಷ್ಟು ದಿನ ಅವಳು ತಾಯಿಗೆ 'ಪೇಟೆಯ ಹಳೇ ಬ್ಯಾಂಕು' ಎಂದಷ್ಟೇ ಹೇಳಿದ್ದಳು. ಅದು ಅರ್ಧ ನಿಜ. ಬ್ಯಾಂಕು, ಅದರ ಪಕ್ಕದ ದಿನಸಿ ಅಂಗಡಿ, ಅದರಾಚೆಯ ಬಾರು, ಮೂರನ್ನೂ ಸೇರಿಸಿ ಅಮೆರಿಕದ ಮೂಲನಿವಾಸಿಗಳಾದ ನಮ್ಮ ನವಾಹೊ ಜನರ ಮ್ಯೂಸಿಯಂ ಮಾಡಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ವರ್ಲೀನಳದು. ಕೊಂದ ಪಾಪ ತಿಂದು ಪರಿಹಾರ ಅನ್ನುತ್ತಾರಲ್ಲ, ಹಾಗೆ ನಮ್ಮವರಿಗೆ ಕುಡಿಸಿ ಮುಗಿಸಿದ ಪೇಟೆಯೇ ಈಗ ನಮ್ಮ ಹೆಸರಿನಲ್ಲಿ ಪ್ರವಾಸಿಗರನ್ನು ಕರೆಯುತ್ತಿತ್ತು. ಆ ಬಾರಿನ ಹಿಂದಿನ ಕೋಣೆಯಲ್ಲೇ ಒಂದು ಚಳಿಗಾಲ ವರ್ಲೀನಳ ಅಣ್ಣ ಹೆಣವಾಗಿ ಸಿಕ್ಕಿದ್ದ. ಕುಡಿದು ಬಿದ್ದವನನ್ನು ಅಲ್ಲಿಗೆ ಎಳೆದುಹಾಕಿ ಮಾಲೀಕ ಬೀಗ ಜಡಿದು ಹೋಗಿದ್ದ. ಆಮೇಲೆ ಅವನ ಹೆಸರನ್ನು ತಾಯಿಯೂ ಎತ್ತಿಲ್ಲ, ಮಗಳೂ ಎತ್ತಿಲ್ಲ. ಸತ್ತವರನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿಲ್ಲ.

"ಅವನನ್ನ ತಿಂದ ಜಾಗ ನಮ್ಮ ಕೈಗೆ ಬರ್ಲಿ ಅಂತಾನೇ ಇಷ್ಟು ವರ್ಷ ಒದ್ದಾಡಿದ್ದು ಕಣಮ್ಮ. ಈಗ ಇದು ನಮ್ಮನೆ. ಬಾಗಿಲ ಮೇಲೆ ನಮ್ಮ ಭಾಷೇಲೇ ಬರ್ಸಿದೀನಿ ನೋಡು."

"ಸಾವಿಂದ ಒಳಗೆ ಉಳ್ಕೊಂಡಿರೋ ಕೇಡಿಗೆ ಓದೋಕೆ ಬರತ್ತೇನೆ?"

ನಾನಿಬಾ ಜಗಳಗಂಟಿಯಲ್ಲ. ತಾನಂತೂ ಒಳಗೆ ಬರುವುದಿಲ್ಲ, ಆದರೆ ಬಡಗಣ ಗೋಡೆಗೆ ಒಂದು ಕಂಡಿ ಹೊಡೆಸಿಬಿಡು, ಅಷ್ಟು ಸಾಕು ಎಂದಳು. ಸಾವಾದ ಮನೆಯ ಬಡಗಣ ಗೋಡೆ ಒಡೆದು ಹೆಣವನ್ನು ಅಲ್ಲಿಂದಲೇ ಒಯ್ದು, ಮನೆಯನ್ನು ಹಾಗೇ ಬಿಟ್ಟುಬಿಡುವುದು ಹಿಂದಿನಿಂದ ಬಂದದ್ದು. ಆ ಕಂಡಿ ಕಂಡರೆ ಕುರಿ ಕಾಯುವವನೂ ಮಂದೆಯನ್ನು ದೂರದಿಂದ ಹೊಡೆದುಕೊಂಡು ಹೋಗುತ್ತಾನೆ. ಗೊತ್ತಿಲ್ಲದೆ ಬರುವ ನಮ್ಮ ಮುದುಕರಿಗೆ ಗೊತ್ತಾಗಲಿ ಎಂಬುದಷ್ಟೇ ಅವಳ ಮಾತು. ಕಂಡಿ ಬಿದ್ದರೆ ನಮ್ಮವರೊಬ್ಬರೂ ಒಳಗೆ ಕಾಲಿಡುವುದಿಲ್ಲವೆಂದು ವರ್ಲೀನಳಿಗೂ ಗೊತ್ತಿತ್ತು.

ಅಷ್ಟರಲ್ಲಿ ಮ್ಯೂಸಿಯಂ ಸಮಿತಿಯ ಅಧ್ಯಕ್ಷ ಪ್ರೂಯಿಟ್ ಬಂದ. ಬಿಳಿಯರವನು, ವಯಸ್ಸಾದವನು, ಒಳ್ಳೆಯವನು. ಹ್ಯಾಟು ತೆಗೆದು ಎಲ್ಲವನ್ನೂ ಕೇಳಿಸಿಕೊಂಡ. ಆ ಗೋಡೆಯ ಹೊರಮೈ ಮೇಲೆ ಹಳೇ ಕಾಲದ ವಿಸ್ಕಿ ಜಾಹೀರಾತು ಇದೆ, ತಜ್ಞರನ್ನು ಕರೆಸಿ ಅದಕ್ಕೆ ಮತ್ತೆ ಬಣ್ಣ ತುಂಬಿಸಿದ್ದೇವೆ, ಚಾರಿತ್ರಿಕ ಗೋಡೆ, ಒಂದು ಮೊಳೆ ಹೊಡೆಯುವುದಕ್ಕೂ ಕಾನೂನು ಬಿಡುವುದಿಲ್ಲ ಎಂದು ನಿಜವಾಗಿಯೂ ನೊಂದುಕೊಂಡೇ ಹೇಳಿದ. ಆಮೇಲೆ ಅವನ ಮುಖ ಅರಳಿತು. ಒಳಗಡೆ ಗೋಡೆಯ ಮೇಲೆ ಕಂಡಿಯ ಚಿತ್ರ ಬರೆಸೋಣ, ಕೆಳಗೊಂದು ದೀಪ ಹಾಕಿ ನಿಮ್ಮ ಪದ್ಧತಿ ವಿವರಿಸೋಣ, ಬಂದವರಿಗೂ ತಿಳಿದ ಹಾಗಾಗುತ್ತದೆ ಎಂದ. ಅದನ್ನು ತಾಯಿಗೆ ನಮ್ಮ ಮಾತಿನಲ್ಲಿ ಹೇಳುವಾಗ ವರ್ಲೀನ್ ನೆಲ ನೋಡುತ್ತಿದ್ದಳು.

"ವಿಸ್ಕಿಗೆ ಏಟಾಗ್ಬಾರ್ದು. ಸರಿ ಬಿಡು," ಎಂದು ನಾನಿಬಾ ನಕ್ಕಳು. ನಗು ಎಂದು ಅದನ್ನು ಕರೆಯಬಹುದಾದರೆ.

ಮಗ್ಗದ ಒಂದು ತುದಿಯನ್ನು ತಾಯಿ, ಇನ್ನೊಂದನ್ನು ಮಗಳು ಹಿಡಿದು ಮತ್ತೆ ಪಿಕಪ್ಪಿಗೆ ಏರಿಸಿದರು. ಹಿಂದಿನ ಗಾಡಿಯಲ್ಲಿ ಬಂದಿದ್ದ ನೇಕಾರ ಹೆಂಗಸರು ಇಷ್ಟೂ ಕೇಳಿಸಿಕೊಂಡಿದ್ದರು. ಅವರು ಇಳಿಯಲೇ ಇಲ್ಲ, ಗಾಜು ಏರಿಸಿಕೊಂಡು ಗಾಡಿ ತಿರುಗಿಸಿದರು.

"ನೀನೂ ಹತ್ತು," ಎಂದಳು ನಾನಿಬಾ.

"ಹೇಗಮ್ಮ ಬರ್ಲಿ? ನಾನು ಬಂದ್ಬಿಟ್ರೆ ನಮ್ಮ ಕಥೆ ಹೇಳೋಕೆ ಆ ಮುದುಕನೇ ನಿಂತ್ಕೋತಾನೆ."

"ಹಂಗಾದ್ರೆ ಮನೆಗೆ ಬಂದಾಗ ಹೊರಗೇ ಇರು. ಇಲ್ಲಿನ ಸೂತಕ ದಿನಾ ಹೊತ್ಕೊಂಡು ಬರೋಳ್ನ ನಾನು ಹೆಂಗೆ ಒಳಗೆ ಬಿಟ್ಕೊಳ್ಲಿ? ಕೆಲ್ಸ ಬಿಟ್ಟು, ನಾಲ್ಕು ದಿನ ಕಳ್ದು, ಮಿಂದು ಬಾ. ಆವಾಗ ನನ್ ಮಗಳು."

ಮೇಯರ್ ಕಾರು ಬಂತು. ವರ್ಲೀನ್ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಸಂಜೆ ಅವಳು ಮನೆ ತಲುಪಿದಾಗ ಹೊತ್ತು ಮನೆಯ ಹಿಂದಕ್ಕೆ ಇಳಿದಿತ್ತು. ಮೂಡಣಕ್ಕೆ ತೆರೆದ ಬಾಗಿಲ ಮುಂದೆಲ್ಲ ನೆರಳು. ಸೌದೆ ಒಟ್ಟಿದ್ದ ಕಡೆ ಕೊರಡಿನ ಮೇಲೆ ಕುರಿಮಾಂಸದ ಸಾರು, ಕರಿದ ರೊಟ್ಟಿ ಮುಚ್ಚಿಟ್ಟಿತ್ತು. ಎರಡೂ ಇದ್ದದ್ದು ಬಿಸಾಡುವ ಕಾಗದದ ತಟ್ಟೆ ಬಟ್ಟಲಲ್ಲಿ. ಅದನ್ನು ಕಂಡು ಅವಳಿಗೆ ಅಳು ಒತ್ತರಿಸಿ ಬಂತು, ಆದರೆ ಹಸಿವೂ ಆಗಿತ್ತು. ಕೊರಡಿನ ಮೇಲೇ ಕೂತು ತಿಂದಳು.

"ಜನ ಬಂದಿದ್ರಾ?" ಒಳಗಿನಿಂದ ತಾಯಿ ಕೇಳಿದಳು.

"ತುಂಬಾ. ನಿಲ್ಲೋಕೂ ಜಾಗ ಇರ್ಲಿಲ್ಲ."

"ನಮ್ಮೋರು ಯಾರಾದ್ರೂ ಒಳಗೆ ಬಂದ್ರಾ?"

ವರ್ಲೀನ್ ಕೊನೆಯ ತುತ್ತನ್ನು ನಿಧಾನವಾಗಿ ನುಂಗಿದಳು.

"ನಾನಿದ್ನಲ್ಲಮ್ಮ," ಎಂದಳು.

ಬಾಗಿಲು ತೆರೆದೇ ಇತ್ತು.