ಕಾಲು ಸುತ್ತು

ಗ್ಯಾರೇಜಿನಲ್ಲಿ ಮೆಕ್ಯಾನಿಕ್‌ನ ತಮ್ಮ ತೋರಿಸಿದ ಲ್ಯಾಪ್‌ಟಾಪಿನತ್ತ ಬಗ್ಗಿ ಟೀಚರಮ್ಮ ನಕ್ಕಿದ್ದೇ ತಡ, ಅಣ್ಣನ ಹೊಟ್ಟೆ ಉರಿಯಿತು. ಹನ್ನೊಂದು ವರ್ಷದಲ್ಲಿ ಅವನ ಒಂದು ಮಾತಿಗೂ ಅವರು ಹಾಗೆ ನಕ್ಕಿರಲಿಲ್ಲ. ಟೀಚರಮ್ಮನ ಅಪ್ಪನ ಕಾಲದ ಹಳೇ ಕಾರು ಹದಿನೈದು ದಿನಕ್ಕೊಮ್ಮೆ ಅವನ ಕೈಗೇ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಆಫ್ ಆಗುತ್ತದೆ ಎಂಬ ಅದೇ ದೂರು. ಕಾರ್ಬುರೇಟರಿನ ಪುಟ್ಟ ಸ್ಕ್ರೂವನ್ನು ಕಾಲು ಸುತ್ತು ಬಿಗಿಯುವುದೇ ಅದಕ್ಕೆ ಮದ್ದು.

“ಕಾರ್ಬುರೇಟರ್ ಕಿತ್ತು ಫ್ಯೂಯೆಲ್ ಇಂಜೆಕ್ಷನ್ ಹಾಕಿಸಿಬಿಡಿ ಟೀಚರ್. ಆಮೇಲೆ ಈ ಕಡೆ ತಲೇನೇ ಹಾಕ್ಬೇಕಾಗಿಲ್ಲ,” ಎಂದ ತಮ್ಮ.

“ಇಂಜೆಕ್ಷನ್ ಚುಚ್ಚೋಕೆ ಅದಕ್ಕೇನು ಜ್ವರ ಬಂದಿದ್ಯಾ?” ಮೆಕ್ಯಾನಿಕ್ ಸಿಡುಕಿದ.

ತಮ್ಮ ಇಂಜಿನ್ನಿನೊಳಗೆ ಇಣುಕಿದ. “ರೋಗ ಇರೋದು ನಿನ್ನ ಕೈಯಲ್ಲಿ ಅಣ್ಣ. ನೋಡು, ಸ್ಕ್ರೂ ಮತ್ತೆ ಸಡಿಲ. ಬೇಕಂತಲೇ ಹೀಗೆ ಬಿಡ್ತೀಯೋ ಹೇಗೆ?”

ಟೀಚರ್ ಎದುರಿಗೇ ಈ ಮಾತು! ಮೆಕ್ಯಾನಿಕ್‌ನ ಮುಖ ಇಂಗು ತಿಂದ ಮಂಗನಂತಾಯಿತು. “ಅಮ್ಮನಾಣೆ, ನಾನು ಬಿಗಿಯಾಗೇ ಕೂರಿಸಿದ್ದೆ...”

ಟೀಚರಮ್ಮ ಕೈಚೀಲದಿಂದ ಏನನ್ನೋ ತೆಗೆದು ಮೆಕ್ಯಾನಿಕ್‌ನ ಅಂಗೈಯಲ್ಲಿಟ್ಟರು. ಗ್ರೀಸ್ ಮೆತ್ತಿದ ಪುಟ್ಟ ಸ್ಕ್ರೂಡ್ರೈವರ್.

“ಅಣ್ಣನ್ನ ಬೈಬೇಡಪ್ಪ,” ಎಂದರು, ತಲೆ ಎತ್ತದೆ. “ಬರೋ ದಿನ ಬೆಳಿಗ್ಗೆ ನಾನೇ ಸಡಿಲ ಮಾಡ್ಕೊಂಡು ಬರ್ತೀನಿ.”