ಕೈ ಬದಲಿಸಿದ ಪಟ್ಟಿ

"ಪಟ್ಟಿ ಎಡಗೈಗಿತ್ತು, ಬಲಗೈಗೆ ಹೆಂಗ ಹೋತೋ ಈಶಪ್ಪಾ?" ಹೆಂಗಸರ ಸಾಲಿನಿಂದ ಪಕ್ಕೀರವ್ವ ಕೂಗಿದಳು. ತಾವರಗೇರಾದ ಸಿನಿಮಾ ಡೇರೆಯ ತುಂಬ ನಗೆ ಎದ್ದಿತು. ಇಂಗ್ಲಿಷ್ ಸಿನಿಮಾದ ಕಥೆಯನ್ನು ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಹೇಳುವುದು ಈಶಪ್ಪನ ಕೆಲಸ. ಇವತ್ತೂ ಜನ ನಡುವೆ ಎದ್ದುಹೋದರೆ ನಾಳೆಯಿಂದ ಬರಬೇಡ ಎಂದು ಮಾಲೀಕ ಹೇಳಿದ್ದ. ನಾಯಕನ ಗಾಯದ ಪಟ್ಟಿ ನಿಜವಾಗಿಯೂ ಕೈ ಬದಲಿಸಿತ್ತು. ಸಿನಿಮಾ ತೆಗೆದವರು ಮರೆತಿದ್ದರು.

"ಅಂವ ಬ್ಯಾರೆ, ಇಂವ ಬ್ಯಾರೆ ಯವ್ವಾ. ಇಂವ ಅವನ ಅವಳಿ ತಮ್ಮ. ಇಬ್ರೂ ಒಂದ ಲಡಾಯಿಗೆ ಹೋಗಿದ್ರು," ಎಂದ ಈಶಪ್ಪ. ಅಷ್ಟರಲ್ಲಿ ನಾಯಕಿ ಓಡಿಬಂದು ನಾಯಕನನ್ನು ತಬ್ಬಿಕೊಂಡಳು.

"ಅಯ್ಯ ಶಿವನ! ಮೈದುನನ್ನ ತಬ್ಬಿಕೊಂಡ್ಲಲ್ಲೋ!" ಇಬ್ಬರು ಹೆಂಗಸರು ಸೆರಗು ಕೊಡವಿ ಎದ್ದು ನಿಂತರು. ಈಶಪ್ಪ ಎರಡೂ ಕೈ ಎತ್ತಿದ. "ಕುಂದರ್ರಿ ಅವ್ವಾರ, ಕುಂದರ್ರಿ! ಗಂಡ ಲಡಾಯಾಗ ಸತ್ತಾನ. ಆಕಿ ಈತನ ಕೂಡ ಉಡಿಕಿ ಆಗಿ ಎರಡನೇ ಸಂಸಾರ ಹೂಡ್ಯಾಳ. ಅವರ ದೇಶದಾಗ ನಡೀತೈತಿ."

ನಿಂತವರು ಕುಳಿತರು. ಸತ್ತವನಿಗಾಗಿ ಯಾರೋ ಮೂಗು ಒರೆಸಿಕೊಂಡರು. ಪರದೆಯ ಮೇಲೆ ನಾಯಕಿ ಚಹಾ ಬಗ್ಗಿಸಿದಳು. ಕಪ್ಪಿಗೆಂದು ನಾಯಕ ಚಾಚಿದ ಎಡಗೈಯಲ್ಲಿ ಮತ್ತೆ ಪಟ್ಟಿ ಇತ್ತು.

"ಸತ್ತಾವ ಬಂದಾನ!" ಪಕ್ಕೀರವ್ವ ಎದೆಗೆ ಕೈ ಇಟ್ಟುಕೊಂಡಳು. "ಈಗ ಆಕಿ ಯಾರ ಕೂಡ ಬಾಳ್ವಿ ಮಾಡ್ಬೇಕೋ ಈಶಪ್ಪಾ?"

ಯಾರೂ ಏಳಲಿಲ್ಲ. ಪರದೆಯ ಮೇಲೆ ಅವರಿಬ್ಬರೂ ನಗುತ್ತ ಚಹಾ ಕುಡಿಯುತ್ತಿದ್ದರು. ಡೇರೆಯಲ್ಲಿ ಒಬ್ಬರೂ ಆ ಕಡೆ ನೋಡಲಿಲ್ಲ. ಎಲ್ಲರೂ ಈಶಪ್ಪನ ಬಾಯಿಯನ್ನೇ ನೋಡುತ್ತಿದ್ದರು.