ನಾಲಿಗೆಗೊಂದು ಹನಿ

ಮಗಳು ಧಾತ್ರಿ ಅಂಬೆಗಾಲಿಡಲು ತೊಡಗಿದಾಗಲೇ ರೇವತಿ ಮನೆಯಲ್ಲಿದ್ದ ಫಿನಾಯಿಲ್, ಆಸಿಡ್ ಎಲ್ಲವನ್ನೂ ಹೊರಗೆ ಹಾಕಿದ್ದಳು. ನಿಂಬೆಸಿಪ್ಪೆಗೆ ಬೆಲ್ಲ, ನೀರು ಬೆರೆಸಿ ಹುಳಿಬರಿಸಿ, ನೆಲ ಒರೆಸಲು ಅದನ್ನೇ ಬಳಸುತ್ತಿದ್ದಳು. ಮನೆಗೆ ಯಾರೇ ಬರಲಿ, ಅದರಲ್ಲಿ ಬೆರಳದ್ದಿ ಮಗಳ ನಾಲಿಗೆಗೆ ಸವರಿ, "ನೋಡಿ, ಏನೂ ಆಗಲ್ಲ" ಎಂದು ತೋರಿಸುವುದು ಅವಳಿಗೊಂದು ಹೆಮ್ಮೆ. ಮಗಳೂ ಚಪ್ಪರಿಸಿ ನಗುತ್ತಿದ್ದಳು.

ಧಾತ್ರಿಗೆ ಮೂರು ತುಂಬಿದ ಮೇಲೆ ಒಮ್ಮೆ ನಾದಿನಿ ಭಾರ್ಗವಿಯ ಮನೆಗೆ ಹೋದರು. ಕಾಫಿ ಕುಡಿಯುತ್ತಾ ರೇವತಿ ಮೂಗು ಮುರಿದಳು.

"ಇನ್ನೂ ಫಿನಾಯಿಲ್ ಹಾಕ್ತೀಯೇನೇ? ಚಿಕ್ಕ ಮಗು ಓಡಾಡೋ ಮನೆ."

"ಹಾಕ್ತೀನಿ ಅತ್ತಿಗೆ. ಆದ್ರೆ ಆ ಬಾಟ್ಲಿ ಮುಟ್ಟಿದ್ರೆ ಏಟು ಬೀಳುತ್ತೆ ಅಂತ ನನ್ನ ಮಗನಿಗೆ ಗೊತ್ತು."

"ಪಾಪ, ಹೆದರಿಸಿ ಬೆಳೆಸ್ತಿದ್ದೀಯ. ನಮ್ಮ ಧಾತ್ರಿಗೆ ಆ ಭಯಾನೇ ಇಲ್ಲ ನೋಡು."

ಅಷ್ಟರಲ್ಲಿ ಧಾತ್ರಿ ಬಚ್ಚಲುಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಮುಚ್ಚಳ ತೆಗೆದ ಬಾಟಲಿಯಿತ್ತು, ಫ್ರಾಕಿನ ಎದೆಭಾಗ ಒದ್ದೆಯಾಗಿತ್ತು. ನಾಲಿಗೆ ಚಾಚಿಕೊಂಡೇ ದೂರು ಹೇಳಿದಳು:

"ಅಮ್ಮಾ, ಅತ್ತೆ ಮನೇದು ಉರಿಯುತ್ತೆ."